ಡಿಸೆಂಬರ್‌ನಲ್ಲಿ ಊರಿಗೆ ಹೊರಟಾಗ ಅಮೆರಿಕದ ಮನೆಯ ನೀರಿನ ಪೈಪುಗಳನ್ನು ಏನು ಮಾಡುವುದು?

ಮಕ್ಕಳಿಗೆ ಚಳಿಗಾಲದ ರಜೆ ಶುರುವಾಗುವ ಹೊತ್ತಿಗೆ ಬೆಂಗಳೂರಿಗೋ ಶಿವಮೊಗ್ಗಕ್ಕೋ ಟಿಕೆಟ್ ಆಗಿರುತ್ತದೆ. ಮೂರರಿಂದ ಐದು ವಾರ ಮನೆ ಖಾಲಿ. ಆಗ ಎಲ್ಲರಿಗೂ ಬರುವ ಪ್ರಶ್ನೆ ಒಂದೇ. ಹೀಟ್ ಹಾಕಿಟ್ಟು ಹೋಗಬೇಕಾ? ನೀರು ಬಂದ್ ಮಾಡಬೇಕಾ? ಎರಡೂ ನಿಲ್ಲಿಸಿ ಪೈಪ್ ಪೂರ್ತಿ ಖಾಲಿ ಮಾಡಿಸಬೇಕಾ? ಇಲ್ಲಾ ಐನೂರು ಡಾಲರ್ ಕೊಟ್ಟು ನೀರು ಸೋರಿದರೆ ತಾನೇ ಮುಚ್ಚಿಕೊಳ್ಳುವ ಆ ಸ್ಮಾರ್ಟ್ ವಾಲ್ವ್ ಹಾಕಿಸಿಬಿಡಬೇಕಾ?

ಸ್ನೇಹಿತರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮಿನ್ಯಾಪೊಲಿಸ್‌ನವರು ಹೇಳುವುದು ಒಂದು, ಡಲ್ಲಾಸ್‌ನವರು ಹೇಳುವುದು ಇನ್ನೊಂದು. ಅವರವರ ಮನೆಯ ಮಟ್ಟಿಗೆ ಇಬ್ಬರೂ ಸರಿ ಇರಬಹುದು. ನಿಮ್ಮ ಮನೆಗೆ ಯಾವುದು ಸರಿ ಅನ್ನುವುದನ್ನು ನೀವೇ ನಿರ್ಧರಿಸಬೇಕಾದರೆ ಮೊದಲು ಪೈಪ್ ಹೇಗೆ ಒಡೆಯುತ್ತದೆ ಅನ್ನುವುದು ಗೊತ್ತಿರಬೇಕು. (ಇಲ್ಲಿ ಡಿಗ್ರಿ ಅಂದರೆ ಫ್ಯಾರನ್‌ಹೀಟ್. ಅಲ್ಲಲ್ಲಿ ಸೆಲ್ಸಿಯಸ್ ಕೂಡ ಕೊಟ್ಟಿದ್ದೇನೆ.)

ನೀರು ಹೆಪ್ಪುಗಟ್ಟಿದಾಗ ಸುಮಾರು 9% ಹಿಗ್ಗುತ್ತದೆ. ಮಂಜುಗಡ್ಡೆ ಕಟ್ಟಿದ ಜಾಗದಲ್ಲೇ ಪೈಪ್ ಸೀಳುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಾಗುವುದು ಕಡಿಮೆ. ಪೈಪಿನೊಳಗೆ ಗಡ್ಡೆ ಅಡ್ಡ ಕಟ್ಟಿ ಬೆಳೆಯುತ್ತಾ ಹೋದಂತೆ ಮುಂದಿನ ನೀರನ್ನು ಮುಚ್ಚಿದ ನಲ್ಲಿಯ ಕಡೆಗೆ ತಳ್ಳುತ್ತದೆ. ಆ ನೀರಿಗೆ ಹೋಗಲು ಜಾಗವಿಲ್ಲ. ಒತ್ತಡ ವಿಪರೀತ ಏರಿ, ಗಡ್ಡೆಗೂ ನಲ್ಲಿಗೂ ನಡುವೆ ಎಲ್ಲಿ ಬಲಹೀನ ಜಾಗವಿದೆಯೋ ಅಲ್ಲಿ ಪೈಪ್ ಬಾಯಿಬಿಡುತ್ತದೆ. ಆಗಲೂ ನೀರು ಹರಿಯುವುದಿಲ್ಲ, ಗಡ್ಡೆಯೇ ಬಿರಡೆ ಆಗಿರುತ್ತದೆ. ಚಳಿ ಇಳಿದು ಗಡ್ಡೆ ಕರಗಿದ ಮೇಲೆ ಶುರು. 1/8 ಇಂಚಿನ ಬಿರುಕು ಸಾಕು, ದಿನಕ್ಕೆ ಸುಮಾರು 250 ಗ್ಯಾಲನ್, ಅಂದರೆ ಹತ್ತಿರ ಹತ್ತಿರ 950 ಲೀಟರ್ ನೀರು ಮನೆಯೊಳಗೆ ಹರಿಯಬಹುದು. ನೀವು ಮನೆಯಲ್ಲಿದ್ದರೆ ಹತ್ತು ನಿಮಿಷದಲ್ಲಿ ವಾಲ್ವ್ ತಿರುಗಿಸುತ್ತೀರಿ. ನೀವು ಮೈಸೂರಿನಲ್ಲಿದ್ದರೆ ಅದು ಎರಡು ವಾರ ಹರಿಯುತ್ತದೆ.

ಹಾಗಾಗಿ ಇಲ್ಲಿರುವುದು ಎರಡು ಬೇರೆ ಬೇರೆ ಅಪಾಯ. ಒಂದು, ಪೈಪ್ ಹೆಪ್ಪುಗಟ್ಟುವುದು. ಇನ್ನೊಂದು, ಒಡೆದ ಮೇಲೆ ನೀರು ನಿಲ್ಲದೆ ಹರಿಯುವುದು. ಮನೆಯ ಹೀಟ್ ಮೊದಲನೆಯದನ್ನು ತಡೆಯುತ್ತದೆ. ಮನೆಗೆ ಬರುವ ನೀರನ್ನೆಲ್ಲ ಒಂದೇ ಕಡೆ ನಿಲ್ಲಿಸುವ ಮೇನ್ ವಾಲ್ವ್ ಎರಡನೆಯದನ್ನು ತಡೆಯುತ್ತದೆ. ಯಾವ ಆಯ್ಕೆಯನ್ನು ನೋಡುವಾಗಲೂ ಇದು ಎರಡರಲ್ಲಿ ಯಾವುದನ್ನು ತಡೆಯುತ್ತದೆ ಅಂತ ಕೇಳಿಕೊಳ್ಳಿ. ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ.

ಯಾವುದನ್ನು ಮುಂದಿಟ್ಟುಕೊಂಡು ಅಳೆಯಬೇಕು

ಮೊದಲನೆಯದು, ಪೈಪ್ ಎಲ್ಲಿ ಓಡುತ್ತದೆ ಅನ್ನುವುದು. ಊರಿನ ಚಳಿಗಿಂತ ಇದು ಮುಖ್ಯ. 2019ರ ಜನವರಿ 30ರಂದು ಮಿನ್ಯಾಪೊಲಿಸ್‌ನಲ್ಲಿ ತಾಪಮಾನ ಮೈನಸ್ 28 ಡಿಗ್ರಿಗೆ (ಮೈನಸ್ 33 ಸೆಲ್ಸಿಯಸ್) ಇಳಿದಿತ್ತು. ಅಲ್ಲಿನ ಮನೆಗಳನ್ನು ಇಂಥ ಚಳಿಗೆಂದೇ ಕಟ್ಟಿರುತ್ತಾರೆ. ಪೈಪುಗಳು ಬೇಸ್‌ಮೆಂಟಿನಲ್ಲಿ, ಒಳಗೋಡೆಗಳಲ್ಲಿ ಓಡುತ್ತವೆ. 2021ರ ಫೆಬ್ರವರಿಯಲ್ಲಿ ಡಲ್ಲಾಸ್ ಮೈನಸ್ 2ಕ್ಕೆ (ಮೈನಸ್ 19 ಸೆಲ್ಸಿಯಸ್) ಇಳಿಯಿತು. ಮಿನ್ಯಾಪೊಲಿಸ್‌ಗೆ ಹೋಲಿಸಿದರೆ ಅದು ದೊಡ್ಡದಲ್ಲ. ಆದರೆ ಟೆಕ್ಸಸ್‌ನ ಎಷ್ಟೋ ಮನೆಗಳಲ್ಲಿ ಪೈಪುಗಳು ಅಟ್ಟದ ಮೇಲೆ, ಹೊರಗೋಡೆಯೊಳಗೆ ಓಡುತ್ತವೆ. ವಾಟರ್ ಹೀಟರ್ ಕೂಡ ಅಟ್ಟದಲ್ಲೇ ಇರುವುದುಂಟು. ಅಲ್ಲಿ ಪೈಪ್ ಒಡೆದರೆ ನೀರು ಚಾವಣಿಯನ್ನೇ ಕೆಳಗೆ ತರುತ್ತದೆ. ಹೊದಿಕೆಯಿಲ್ಲದ ಅಟ್ಟದ ಪೈಪುಗಳಿಗೆ ಹೊರಗಿನ ತಾಪಮಾನ 20 ಡಿಗ್ರಿಗೆ (ಮೈನಸ್ 7 ಸೆಲ್ಸಿಯಸ್) ಇಳಿದಾಗಲೇ ಎಚ್ಚರ ಬೇಕು ಅಂತ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಯೋಗ ಮಾಡಿ ತೋರಿಸಿದ್ದಾರೆ. ಉತ್ತರದ ಮನೆಗಳಲ್ಲೂ ದುರ್ಬಲ ಜಾಗಗಳಿವೆ. ಗರಾಜಿನ ಮೇಲಿನ ಬಾತ್‌ರೂಮ್, ಹೊರಗೋಡೆಗೆ ಅಂಟಿದ ಅಡುಗೆಮನೆ ಸಿಂಕ್, ಗರಾಜಿನೊಳಗೆ ಇರುವ ಲಾಂಡ್ರಿ ಪೈಪ್. ಒಂದು ದಿನ ಟಾರ್ಚ್ ಹಿಡಿದು ಮನೆ ಸುತ್ತಿ ಇವನ್ನು ಗುರುತು ಮಾಡಿಕೊಳ್ಳಿ.

ಎರಡನೆಯದು ಕರೆಂಟು. ಮನೆಗೆ ಬಿಸಿಗಾಳಿ ಊದುವ ಫರ್ನೇಸ್ ಗ್ಯಾಸಿನದಾದರೂ ಅದರ ಫ್ಯಾನ್ ಓಡುವುದು ಕರೆಂಟಿನಲ್ಲೇ. 2021ರಲ್ಲಿ ಟೆಕ್ಸಸ್‌ನ ಲಕ್ಷಾಂತರ ಮನೆಗಳು ಕೊರೆಯುವ ಚಳಿಯ ನಡುವೆಯೇ ಕತ್ತಲಲ್ಲಿ ಕೂತವು. ಚಳಿ ಹೆಚ್ಚಿದಾಗಲೇ ಕರೆಂಟು ಹೋಗುವ ಸಾಧ್ಯತೆಯೂ ಜಾಸ್ತಿ.

ಮೂರನೆಯದು ಇನ್ಶೂರೆನ್ಸ್. ಇಲ್ಲಿನ ಸಾಮಾನ್ಯ ಮನೆ ಪಾಲಿಸಿಗಳಲ್ಲಿ ಒಂದು ಷರತ್ತು ಇರುತ್ತದೆ. ಹೆಪ್ಪುಗಟ್ಟಿ ಆದ ಹಾನಿಗೆ ಪರಿಹಾರ ಬೇಕಾದರೆ, ನೀವು ಮನೆಯ ಹೀಟ್ ಉಳಿಸಲು ತಕ್ಕ ಕಾಳಜಿ ವಹಿಸಿರಬೇಕು. ಇಲ್ಲವೇ ನೀರು ಬಂದ್ ಮಾಡಿ ಪೈಪು, ಉಪಕರಣಗಳಿಂದ ನೀರು ತೆಗೆದಿರಬೇಕು. ಮನೆ ಎಷ್ಟು ದಿನ ಖಾಲಿ ಇರಬಹುದು ಅನ್ನುವುದರ ಬಗ್ಗೆಯೂ ಕೆಲವು ಪಾಲಿಸಿಗಳಲ್ಲಿ ಮಾತಿರುತ್ತದೆ. ನಿಮ್ಮ ಪಾಲಿಸಿಯ ಆ ಪುಟವನ್ನು ಓದಿ. ಅರ್ಥವಾಗದಿದ್ದರೆ ಏಜೆಂಟಿಗೆ ಇಮೇಲ್ ಮಾಡಿ, ಉತ್ತರ ಬರವಣಿಗೆಯಲ್ಲೇ ಬರಲಿ.

ಆಮೇಲೆ ಉಳಿದವು: ಎಷ್ಟು ದಿನ ಹೋಗುತ್ತೀರಿ, ಬೀಗದ ಕೈ ಕೊಡುವಂಥ ಸ್ನೇಹಿತರು ಹತ್ತಿರದಲ್ಲಿದ್ದಾರಾ, ಖರ್ಚಿಗೆ ಎಷ್ಟಿದೆ, ಮತ್ತು ಮನೆಯಲ್ಲಿ ಜೀವ ಇರುವುದು ಏನಿದೆ. ಕೊನೆಯದನ್ನು ಸುಮ್ನೆ ಹೇಳುತ್ತಿಲ್ಲ. ಚಳಿಗಾಲಕ್ಕೆಂದು ಒಳಗೆ ತಂದಿಟ್ಟ ಕರಿಬೇವಿನ ಕುಂಡ, ತುಳಸಿ, ಮಲ್ಲಿಗೆ ಎಷ್ಟೋ ಕನ್ನಡ ಮನೆಗಳಲ್ಲಿವೆ. ಹೀಟ್ ಪೂರ್ತಿ ನಿಲ್ಲಿಸಿದರೆ ಅವು ಉಳಿಯುವುದಿಲ್ಲ.

ಒಂದನೇ ದಾರಿ: ಹೀಟ್ ಇರಲಿ, ನೀರೂ ಇರಲಿ

ಹೆಚ್ಚಿನವರು ಮಾಡುವುದು ಇದನ್ನೇ. ಥರ್ಮೋಸ್ಟಾಟನ್ನು 55 ಡಿಗ್ರಿಗೆ (13 ಸೆಲ್ಸಿಯಸ್) ಇಳಿಸಿ ಹೋಗುತ್ತಾರೆ. ಅಮೆರಿಕನ್ ರೆಡ್ ಕ್ರಾಸ್ ಕೂಡ ಚಳಿಯಲ್ಲಿ ಮನೆ ಬಿಟ್ಟು ಹೋಗುವವರಿಗೆ 55ಕ್ಕಿಂತ ಕೆಳಗೆ ಇಳಿಸಬೇಡಿ ಅನ್ನುತ್ತದೆ. ಕೈಯಿಂದ ಹೆಚ್ಚೇನೂ ಖರ್ಚಿಲ್ಲ. ವಾಪಸ್ ಬಂದ ರಾತ್ರಿಯೇ ಬಿಸಿನೀರು ಸಿಗುತ್ತದೆ.

ತೊಂದರೆ ಎಲ್ಲಿದೆ ಅಂದರೆ, 55 ಅನ್ನುವುದು ಥರ್ಮೋಸ್ಟಾಟ್ ಇರುವ ಹಾಲ್‌ನ ಲೆಕ್ಕ. ಸಿಂಕ್ ಕೆಳಗಿನ ಮುಚ್ಚಿದ ಕಪಾಟಿನೊಳಗೆ, ಹೊರಗೋಡೆಯೊಳಗೆ ಅದಕ್ಕಿಂತ ಬಹಳ ತಣ್ಣಗಿರುತ್ತದೆ. ಪೈಪ್ ಹೊರಗೋಡೆಯಲ್ಲಿದೆ ಅಂತ ಗೊತ್ತಿದ್ದರೆ 60ಕ್ಕೆ ಇಡಿ, ಸಿಂಕ್ ಕೆಳಗಿನ ಬಾಗಿಲುಗಳನ್ನು ತೆರೆದಿಡಿ. ಸ್ಮಾರ್ಟ್ ಥರ್ಮೋಸ್ಟಾಟ್ ಇದ್ದರೆ ಅದರ ‘ಅವೇ’ ಸೆಟ್ಟಿಂಗ್ ಎಷ್ಟಕ್ಕೆ ಇಳಿಯುತ್ತದೆ ಅಂತ ನೋಡಿ. ಬ್ಯಾಟರಿಯಲ್ಲಿ ಓಡುವ ಥರ್ಮೋಸ್ಟಾಟ್ ಆದರೆ ಹೊಸ ಬ್ಯಾಟರಿ ಹಾಕಿ. ಫರ್ನೇಸಿನ ಫಿಲ್ಟರ್ ಬದಲಿಸಿ. ಎಣ್ಣೆ ಅಥವಾ ಪ್ರೊಪೇನ್ ಹೀಟಿಂಗ್ ಇರುವ ಮನೆಯಾದರೆ ಹೊರಡುವ ಮುಂಚೆ ಟ್ಯಾಂಕ್ ತುಂಬಿಸಿ.

ಇಷ್ಟೆಲ್ಲ ಮಾಡಿದರೂ ಕರೆಂಟು ಹೋದರೆ, ಫರ್ನೇಸ್ ಕೈಕೊಟ್ಟರೆ ಎರಡನೇ ಅಪಾಯದ ಮುಂದೆ ಮನೆ ಬರಿಗೈಯಲ್ಲಿ ನಿಲ್ಲುತ್ತದೆ. ನಾಲ್ಕು ದಿನಕ್ಕೆ ಹೋಗುವುದಾದರೆ, ಪಕ್ಕದಲ್ಲಿ ನೋಡುವವರಿದ್ದರೆ ಈ ದಾರಿ ಸಾಕು. ಭಾರತಕ್ಕೆ ಹೋಗುವಾಗ ಸಾಲದು ಅನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ.

ಎರಡನೇ ದಾರಿ: ಹೀಟ್ ಇರಲಿ, ಮೇನ್ ವಾಲ್ವ್ ಬಂದ್ ಆಗಲಿ

ನಾನು ಹೆಚ್ಚಿನವರಿಗೆ ಹೇಳುವುದು ಇದನ್ನು. ದುಡ್ಡು ಖರ್ಚಿಲ್ಲ, ಅರ್ಧ ಗಂಟೆಯ ಕೆಲಸ. ಎರಡೂ ಅಪಾಯಕ್ಕೆ ಒಂದೊಂದು ತಡೆ ಸಿಗುತ್ತದೆ.

ಮೇನ್ ವಾಲ್ವ್ ಎಲ್ಲಿದೆ ಅಂತ ಮೊದಲು ಹುಡುಕಿ. ಬೇಸ್‌ಮೆಂಟ್ ಇರುವ ಮನೆಗಳಲ್ಲಿ ಸಾಮಾನ್ಯವಾಗಿ ರಸ್ತೆಯ ಕಡೆಯ ಗೋಡೆಯಲ್ಲಿ, ಮೀಟರ್ ಹತ್ತಿರ ಇರುತ್ತದೆ. ಟೆಕ್ಸಸ್‌ನಂಥ ಕಡೆ ಅಂಗಳದ ನೆಲದೊಳಗಿನ ಬಾಕ್ಸಿನಲ್ಲಿರಬಹುದು. ಮೀಟರಿನ ಆಚೆಗಿರುವ ನಗರದ ವಾಲ್ವನ್ನು ಮುಟ್ಟಲು ಕೆಲವು ಊರುಗಳಲ್ಲಿ ನಮಗೆ ಅನುಮತಿ ಇಲ್ಲ, ಕೇಳಿ ತಿಳಿದುಕೊಳ್ಳಿ. ಹಿಡಿ ಉದ್ದಕ್ಕಿದ್ದು ಕಾಲು ಸುತ್ತು ತಿರುಗಿಸಿದರೆ ನಿಲ್ಲುವುದು ಬಾಲ್ ವಾಲ್ವ್, ನಂಬಬಹುದು. ದುಂಡನೆಯ ಚಕ್ರದ ಹಳೇ ಗೇಟ್ ವಾಲ್ವ್ ವರ್ಷಗಟ್ಟಲೆ ತಿರುಗಿಸದೆ ಬಿಟ್ಟಿದ್ದರೆ ಪೂರ್ತಿ ಮುಚ್ಚದೇ ಇರಬಹುದು, ಜೋರು ಮಾಡಿದರೆ ಮುರಿಯಲೂಬಹುದು. ಹಾಗಾಗಿ ಹೊರಡುವ ಹಿಂದಿನ ರಾತ್ರಿ ಮೊದಲ ಸಲ ಮುಟ್ಟಬೇಡಿ. ನವೆಂಬರಿನಲ್ಲೇ ಒಮ್ಮೆ ತಿರುಗಿಸಿ ನೋಡಿ. ಕೆಟ್ಟಿದ್ದರೆ ಪ್ಲಂಬರ್ ಕರೆದು ಬಾಲ್ ವಾಲ್ವ್ ಹಾಕಿಸಿ. ಈ ಪಟ್ಟಿಯಲ್ಲಿ ದುಡ್ಡು ಹಾಕಲು ಅತ್ಯಂತ ಯೋಗ್ಯವಾದ ಕೆಲಸ ಅದು.

ಹೊರಡುವ ದಿನ ಮೊದಲು ವಾಟರ್ ಹೀಟರ್ ನೋಡಿ. ಕರೆಂಟಿನದಾದರೆ ಬ್ರೇಕರ್ ಆಫ್ ಮಾಡಿ, ಗ್ಯಾಸಿನದಾದರೆ ‘ವೆಕೇಶನ್’ ಅಥವಾ ಸಣ್ಣ ಉರಿ ಮಾತ್ರ ಉಳಿಯುವ ಪೈಲಟ್‌ಗೆ ಇಳಿಸಿ. ನೀರಿಲ್ಲದ ಟ್ಯಾಂಕಿನಲ್ಲಿ ಕರೆಂಟಿನ ಕಾಯಿಲ್ ಉರಿದರೆ ಸುಟ್ಟು ಹೋಗುತ್ತದೆ. ಆಮೇಲೆ ಮೇನ್ ಮುಚ್ಚಿ. ಮೇಲಿನ ಮಹಡಿಯ ಒಂದು ನಲ್ಲಿ, ಅತಿ ಕೆಳಗಿನ ಒಂದು ನಲ್ಲಿ ಎರಡನ್ನೂ ತೆರೆಯಿರಿ, ಬಿಸಿ ತಣ್ಣೀರು ಎರಡೂ ಕಡೆ. ಟಾಯ್ಲೆಟ್‌ಗಳನ್ನು ಫ್ಲಶ್ ಮಾಡಿ. ನೀರು ನಿಂತ ಮೇಲೆ ನಲ್ಲಿಗಳನ್ನು ಸ್ವಲ್ಪ ತೆರೆದೇ ಬಿಡಿ. ಸಿಂಕಿನ ತೂತು ಮುಚ್ಚಿಲ್ಲ ಅಂತ ಖಚಿತ ಮಾಡಿಕೊಳ್ಳಿ. ತೆರೆದ ನಲ್ಲಿ ಇದ್ದರೆ ಒಳಗೆ ಉಳಿದ ನೀರು ಎಲ್ಲಾದರೂ ಗಡ್ಡೆ ಕಟ್ಟಿದರೂ ಒತ್ತಡ ಹೊರಹೋಗಲು ದಾರಿ ಇರುತ್ತದೆ.

ಹೀಟ್ ನಿಂತೇಹೋದರೆ ಆಗಲೂ ಪೈಪ್ ಒಡೆಯಬಹುದು. ಆದರೆ ಹೊರಗೆ ಬರುವುದು ಪೈಪಿನಲ್ಲಿ ಉಳಿದದ್ದು, ಹೆಚ್ಚೆಂದರೆ ವಾಟರ್ ಹೀಟರಿನ 40–50 ಗ್ಯಾಲನ್. ಒರೆಸಿ ಒಣಗಿಸಬಹುದಾದ ಹಾನಿ ಅದು.

ಮೂರು ಕಡೆ ಇದನ್ನು ಕಣ್ಣುಮುಚ್ಚಿ ಮಾಡಬೇಡಿ. ಬಾಯ್ಲರಿನ ಬಿಸಿನೀರು ಅಥವಾ ಹಬೆ ರೇಡಿಯೇಟರಿಗೆ ಹೋಗುವ ಮನೆಗಳಲ್ಲಿ ಬಾಯ್ಲರಿಗೆ ತಾನಾಗಿ ನೀರು ತುಂಬುವ ವ್ಯವಸ್ಥೆ ಇರುತ್ತದೆ. ಬಾಸ್ಟನ್ ಕಡೆಯ ಹಳೇ ಮನೆಗಳಲ್ಲಿ ಇದು ಸಾಮಾನ್ಯ. ಮೇನ್ ಮುಚ್ಚಿದಾಗ ಬಾಯ್ಲರಿನಲ್ಲಿ ನೀರು ಕಡಿಮೆಯಾದರೆ ಅದು ನಿಂತುಬಿಡಬಹುದು, ಹೀಟ್ ಹೋಗುತ್ತದೆ. ಬಾಯ್ಲರ್ ನೋಡುವವರನ್ನು ಕೇಳಿಯೇ ಮುಂದುವರಿಯಿರಿ. ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಇರುವ ಟೌನ್‌ಹೌಸ್‌ಗಳಲ್ಲಿ ಆ ಲೈನನ್ನು ಬಂದ್ ಮಾಡಲೇಬಾರದು. ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗಿದ್ದರೆ ಹೀಟ್ ನಿಲ್ಲಿಸುವಂತಿಲ್ಲ ಅಂತ ಕರಾರಿನಲ್ಲೇ ಬರೆದಿರುವುದುಂಟು. ಅಲ್ಲಿ ನಿಮ್ಮ ಕೈಲಿರುವುದು ಸಿಂಕ್, ಟಾಯ್ಲೆಟ್, ವಾಷಿಂಗ್ ಮಷೀನಿನ ಸಣ್ಣ ವಾಲ್ವ್‌ಗಳು. ಅವನ್ನು ಮುಚ್ಚಿ, ಆಫೀಸಿಗೆ ತಿಳಿಸಿ ಹೋಗಿ.

ಗಿಡಕ್ಕೆ ನೀರು ಹಾಕಲು ಸ್ನೇಹಿತರು ಬರುತ್ತಾರಾ? ಎರಡು ಬಕೆಟ್ ನೀರು ತುಂಬಿಸಿ ಮುಚ್ಚಿಡಿ. ಅವರು ಬಂದಾಗ ಮನೆ ಬೆಚ್ಚಗಿದೆಯಾ, ಥರ್ಮೋಸ್ಟಾಟ್ ಎಷ್ಟು ತೋರಿಸುತ್ತಿದೆ, ಬೇಸ್‌ಮೆಂಟ್ ಒಣಗಿದೆಯಾ ಅಂತ ನೋಡಿ ಒಂದು ಫೋಟೊ ಕಳಿಸಲಿ. ಇನ್ಶೂರೆನ್ಸ್ ವಿಷಯ ಬಂದಾಗ ಆ ಫೋಟೊಗಳು ನೀವು ಕಾಳಜಿ ವಹಿಸಿದ್ದಕ್ಕೆ ಸಾಕ್ಷಿ. ಕನ್ನಡ ಕೂಟದ ಬಳಗದಲ್ಲಿ ಡಿಸೆಂಬರಿಗೆ ಹೋಗುವವರು, ಬೇಸಿಗೆಗೆ ಹೋಗುವವರು ಇಬ್ಬರೂ ಇರುತ್ತಾರೆ. ಪರಸ್ಪರ ಮನೆ ನೋಡಿಕೊಳ್ಳುವ ಮಾತು ಮಾಡಿಕೊಳ್ಳುವುದು ಸುಲಭ, ಅಲ್ವಾ?

ಮೂರನೇ ದಾರಿ: ಎಲ್ಲ ಖಾಲಿ, ಹೀಟೂ ಬಂದ್

ಇಲ್ಲಿ ಪ್ಲಂಬರ್ ಬಂದು ವಾಟರ್ ಹೀಟರ್ ಬರಿದು ಮಾಡಿ, ಕಂಪ್ರೆಸರ್ ಗಾಳಿಯಿಂದ ಪೈಪುಗಳನ್ನು ಊದಿ ಒಣಗಿಸುತ್ತಾರೆ. ಸಿಂಕ್ ಕೆಳಗಿನ ಬಾಗಿದ ಪೈಪು, ಟಾಯ್ಲೆಟ್, ಡಿಶ್‌ವಾಷರ್, ವಾಷಿಂಗ್ ಮಷೀನಿಗೆ ಗುಲಾಬಿ ಬಣ್ಣದ ಆಂಟಿಫ್ರೀಝ್ ಹಾಕುತ್ತಾರೆ. ನೀವೇ ಮಾಡುವುದಾದರೆ ಒಂದು ಮಾತು: ಆ ಗುಲಾಬಿ ದ್ರವ ಪ್ರೊಪಿಲೀನ್ ಗ್ಲೈಕಾಲ್ ಆಗಿರಬೇಕು. ಕಾರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ, ಅದು ಮನೆಯ ಪೈಪಿನ ಹತ್ತಿರವೂ ಬರಬಾರದು.

ನೀರೇ ಇಲ್ಲದ ಪೈಪ್ ಒಡೆಯುವುದಿಲ್ಲ. ಕರೆಂಟು ಹೋದರೂ ಚಿಂತೆಯಿಲ್ಲ. ಸುರಕ್ಷತೆಯೊಂದನ್ನೇ ನೋಡಿದರೆ ಇದೇ ಮೇಲು. ಪ್ಲಂಬರಿಗೆ ಕೆಲವು ನೂರು ಡಾಲರ್ ಹೋದರೂ ಮನೆ ಕಾಯಿಸುವ ಖರ್ಚು ಪೂರ್ತಿ ಉಳಿಯುತ್ತದೆ. ಆದರೆ ನಾಲ್ಕು ವಾರದ ಪ್ರಯಾಣಕ್ಕೆ ನಾನು ಇದನ್ನು ಹೇಳುವುದಿಲ್ಲ. ಎಲ್ಲೋ ಒಂದು ಮೂಲೆಯಲ್ಲಿ ನೀರು ಉಳಿದರೂ ಅಷ್ಟೂ ಕೆಲಸ ವ್ಯರ್ಥ. ಮನೆ ಹೊರಗಿನಷ್ಟೇ ತಣ್ಣಗಾಗುತ್ತದೆ. ಗಿಡ ಸಾಯುತ್ತದೆ. ಮರದ ನೆಲಕ್ಕೆ, ವೀಣೆ ತಂಬೂರಿಯಂಥ ವಾದ್ಯಗಳಿಗೆ ಆ ಏರಿಳಿತ ಒಳ್ಳೆಯದಲ್ಲ. ಹನ್ನೆರಡು ಗಂಟೆಗಿಂತ ಉದ್ದದ ವಿಮಾನ ಪ್ರಯಾಣ ಮುಗಿಸಿ ಮಕ್ಕಳೊಂದಿಗೆ ಬಂದ ರಾತ್ರಿ ಅಂಥ ಮನೆಯನ್ನು ಮತ್ತೆ ಎಬ್ಬಿಸುವುದು ಕಷ್ಟ. ಅಪ್ಪ ಅಮ್ಮನ ಜೊತೆ ಮೂರು ತಿಂಗಳು ಇರಲು ಹೋಗುವವರಿಗೆ, ಮಾರಾಟಕ್ಕಿಟ್ಟ ಖಾಲಿ ಮನೆಗೆ, ಕರೆಂಟು ಪದೇ ಪದೇ ಹೋಗುವ ಹಳ್ಳಿ ಕಡೆಯ ಮನೆಗೆ ಇದು ಸರಿಯಾದ ದಾರಿ.

ದುಡ್ಡು ಕೊಟ್ಟು ತರುವ ಸಾಧನಗಳು

ಪೈಪಿಗೆ ಹಾಕುವ ಫೋಮ್ ತೋಳಿನಿಂದ ಶುರುಮಾಡೋಣ. ಆರು ಅಡಿಯ ತುಂಡು ಕೆಲವೇ ಡಾಲರ್, ಕತ್ತರಿ ಇದ್ದರೆ ಸಾಕು. ಅಟ್ಟದ ಪೈಪಿಗೆ, ಗರಾಜಿನ ಪೈಪಿಗೆ ಕಡ್ಡಾಯವಾಗಿ ಹಾಕಿ. ಅದು ಕಂಬಳಿಯ ಹಾಗೆ: ಇರುವ ಬಿಸಿಯನ್ನು ನಿಧಾನವಾಗಿ ಬಿಡುತ್ತದೆ, ಹೊಸ ಬಿಸಿ ಕೊಡುವುದಿಲ್ಲ. ಒಂದು ರಾತ್ರಿಯ ಚಳಿಗೆ ತಡೆ, ಐದು ದಿನದ ಚಳಿಗೆ ಅಲ್ಲ.

ಹೊಸ ಬಿಸಿ ಕೊಡುವುದು ಹೀಟ್ ಕೇಬಲ್. ಪೈಪಿನ ಉದ್ದಕ್ಕೂ ಕಟ್ಟುವ ಕರೆಂಟಿನ ತಂತಿ ಅದು. ಎರಡು ಬಗೆ ಇದೆ. ಒಂದು ಸದಾ ಒಂದೇ ಸಮ ಕಾಯುತ್ತದೆ, ಅಗ್ಗ. ಅದು ತನ್ನ ಮೇಲೇ ತಾನು ಹಾದುಹೋಗುವಂತೆ ಸುತ್ತಿದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯ ಇದೆ. ಇನ್ನೊಂದು ಚಳಿಗೆ ತಕ್ಕಂತೆ ತಾನೇ ಏರಿಳಿಯುತ್ತದೆ, ದುಬಾರಿ, ನನ್ನ ಪ್ರಕಾರ ಅದನ್ನೇ ಕೊಳ್ಳಬೇಕು. ಯಾವ ಬಗೆಯದಾದರೂ ಜಿಎಫ್‌ಸಿಐ (ಕರೆಂಟು ಸೋರಿದರೆ ತಾನೇ ಕಡಿದುಹಾಕುವ) ಪ್ಲಗ್ಗಿಗೇ ಹಾಕಿ. ಮನೆಯಲ್ಲಿ ಒಂದೇ ಒಂದು ಕೆಟ್ಟ ಜಾಗ ಇದ್ದು ಉಳಿದದ್ದೆಲ್ಲ ಸರಿ ಇರುವವರಿಗೆ ಇದು ಒಳ್ಳೆಯ ಮದ್ದು. ಕರೆಂಟು ಹೋದರೆ ಇದೂ ಸತ್ತ ಹಾಗೆ, ಅದನ್ನು ಮರೆಯಬೇಡಿ.

ವೈಫೈ ಲೀಕ್ ಸೆನ್ಸರ್ ಅಗ್ಗ, ವಾಟರ್ ಹೀಟರ್ ಪಕ್ಕ, ಸಿಂಕ್ ಕೆಳಗೆ ಇಡಬಹುದು. ಆದರೆ ಅದು ಕೂಗುತ್ತದೆ ಅಷ್ಟೆ. ಹುಬ್ಬಳ್ಳಿಯಲ್ಲಿ ನಿಮ್ಮ ಫೋನಿಗೆ ಸಂದೇಶ ಬಂದಾಗ ಇಲ್ಲಿ ಓಡಿ ಹೋಗಿ ವಾಲ್ವ್ ಮುಚ್ಚುವವರು ಯಾರು? ಹೆಸರು ಗೊತ್ತಿದ್ದರೆ ಕೊಳ್ಳಿ. ಇದಕ್ಕೆ ಉತ್ತರವಾಗಿ ಬಂದದ್ದು ತಾನೇ ಮುಚ್ಚಿಕೊಳ್ಳುವ ವಾಲ್ವ್. ಸಾಧನಕ್ಕೇ ಸುಮಾರು 500 ಡಾಲರ್, ಪ್ಲಂಬರ್ ಕೂಲಿ ಬೇರೆ. ವರ್ಷದಲ್ಲಿ ಹಲವು ಸಲ ಕೆಲಸದ ಮೇಲೆ ಊರೂರು ಸುತ್ತುವವರಿಗೆ ಇದು ಒಳ್ಳೆಯದು, ಕೆಲವು ಇನ್ಶೂರೆನ್ಸ್ ಕಂಪನಿಗಳು ರಿಯಾಯಿತಿಯನ್ನೂ ಕೊಡುತ್ತವೆ. ವರ್ಷಕ್ಕೊಮ್ಮೆ ಊರಿಗೆ ಹೋಗುವವರಿಗೆ ಕೈಯಿಂದ ಮುಚ್ಚಿದ ಬಾಲ್ ವಾಲ್ವ್ ಕೊಡದ್ದನ್ನು ಇದು ಹೆಚ್ಚೇನೂ ಕೊಡುವುದಿಲ್ಲ.

ನಲ್ಲಿಯನ್ನು ಹನಿಹನಿಯಾಗಿ ಬಿಡುವ ಉಪಾಯ ಮನೆಯಲ್ಲಿ ಇರುವವರಿಗೆ, ಚಳಿಯ ಒಂದೆರಡು ರಾತ್ರಿಗೆ. ಖಾಲಿ ಮನೆಗೆ ಅದು ಬೇಡ.

ಯಾವ ದಾರಿ ಹಿಡಿದರೂ ಬಿಡಬಾರದ ಕೆಲಸಗಳಿವೆ. ಹೊರಗಿನ ನಲ್ಲಿಯಿಂದ ಹೋಸ್ ಪೈಪ್ ಬಿಚ್ಚಿಡಿ. ಹೆಪ್ಪುಗಟ್ಟದಂತೆ ಮಾಡಿದ ನಲ್ಲಿಯಾದರೂ ಹೋಸ್ ಹಾಗೇ ಇದ್ದರೆ ನೀರು ಒಳಗೆ ಸಿಕ್ಕಿಬಿದ್ದು ಗೋಡೆಯೊಳಗೆ ಒಡೆಯುತ್ತದೆ. ಹುಲ್ಲಿನ ಸ್ಪ್ರಿಂಕ್ಲರ್ ಪೈಪುಗಳನ್ನು ಅಕ್ಟೋಬರಿನಲ್ಲೇ ಊದಿಸಿ. ಫ್ರಿಜ್ಜಿನ ಐಸ್ ಮೇಕರ್, ಫರ್ನೇಸಿಗೆ ಜೋಡಿಸಿದ ಹ್ಯೂಮಿಡಿಫೈಯರ್ ಆಫ್ ಮಾಡಿ. ನಿಮ್ಮದು ಪೆಕ್ಸ್ ಅನ್ನುವ ಬಾಗುವ ಪ್ಲಾಸ್ಟಿಕ್ ಪೈಪ್ ಆದರೆ ತಾಮ್ರಕ್ಕಿಂತ ಹಿಗ್ಗುವ ಶಕ್ತಿ ಜಾಸ್ತಿ, ಸ್ವಲ್ಪ ಸಮಾಧಾನ. ಅದರ ಜೋಡಣೆಗಳು ಮಾತ್ರ ಒಡೆಯಬಲ್ಲವು.

ಹಾಗಾದರೆ ಯಾರಿಗೆ ಯಾವುದು

ಚಿಕಾಗೊ, ಮಿನ್ಯಾಪೊಲಿಸ್ ಕಡೆ ಸ್ವಂತ ಮನೆ, ಫರ್ನೇಸ್ ಹೀಟಿಂಗ್, ಒಂದು ತಿಂಗಳ ಪ್ರಯಾಣ ಅಂದರೆ ಎರಡನೇ ದಾರಿ, ಜೊತೆಗೆ ವಾರಕ್ಕೊಮ್ಮೆ ಬಂದು ನೋಡುವ ಒಬ್ಬರು. ಡಲ್ಲಾಸ್, ಆಸ್ಟಿನ್, ಅಟ್ಲಾಂಟಾ ಕಡೆಯಾದರೆ ಎರಡನೇ ದಾರಿಯೇ, ಆದರೆ ಅಟ್ಟದ ಪೈಪಿಗೆ ಫೋಮ್ ಹಾಕಿಸಿದ ಮೇಲೆ. ಅಲ್ಲಿ ‘ನಮ್ಮಲ್ಲಿ ಅಷ್ಟು ಚಳಿ ಎಲ್ಲಿ’ ಅಂತ ಬಿಡುವವರೇ ಜಾಸ್ತಿ ನಷ್ಟಕ್ಕೆ ಬೀಳುವುದು. ಬಾಯ್ಲರ್ ಮನೆಯಾದರೆ ನೀರು ಮತ್ತು ಹೀಟ್ ಎರಡನ್ನೂ ಇಟ್ಟು, ಸಾಧ್ಯವಾದರೆ ತಾನೇ ಮುಚ್ಚುವ ವಾಲ್ವನ್ನು ಬಾಯ್ಲರಿನ ಲೈನ್ ಬಿಟ್ಟು ಮನೆಯ ಉಳಿದ ಲೈನಿಗೆ ಹಾಕಿಸಿ. ಆ 500 ಡಾಲರ್ ನಿಜಕ್ಕೂ ಸಾರ್ಥಕವಾಗುವುದು ಇಲ್ಲಿ. ಕೈಯಲ್ಲಿ 50 ಡಾಲರ್ ಮಾತ್ರ ಇದ್ದರೆ ಫೋಮ್ ತೋಳು ತನ್ನಿ, ಹೊಸ ಫರ್ನೇಸ್ ಫಿಲ್ಟರ್ ತನ್ನಿ, ಮೇನ್ ಮುಚ್ಚಿ. ಅಷ್ಟರಲ್ಲೇ ಅಪಾಯದ ಬಹುಪಾಲು ಇಳಿಯುತ್ತದೆ.

ವಾಪಸ್ ಬಂದಾಗ ಅವಸರ ಬೇಡ. ಮೊದಲು ಹೀಟ್ ಏರಿಸಿ, ಮನೆ ಬೆಚ್ಚಗಾಗಲಿ. ಎಲ್ಲಾದರೂ ಕಲೆ, ಉಬ್ಬಿದ ಗೋಡೆ ಇದೆಯಾ ನೋಡಿ. ಮೇನ್ ವಾಲ್ವನ್ನು ಸ್ವಲ್ಪ ಸ್ವಲ್ಪವೇ ತೆರೆಯಿರಿ, ಇನ್ನೊಬ್ಬರು ಮೇಲಿನ ಮಹಡಿಯಲ್ಲಿ ಕಿವಿಗೊಟ್ಟು ಕೇಳುತ್ತಿರಲಿ. ತೆರೆದಿಟ್ಟ ನಲ್ಲಿಗಳಿಂದ ಗಾಳಿ ಉಗುಳಿ ಮುಗಿದು ನೀರು ಒಂದೇ ಸಮ ಬಂದ ಮೇಲೆ ಒಂದೊಂದಾಗಿ ಮುಚ್ಚಿ. ಉಪಯೋಗಿಸದ ಸಿಂಕಿನ ಬಾಗಿದ ಪೈಪಿನಲ್ಲಿ ನೀರು ಒಣಗಿ ಕೊಳಚೆ ವಾಸನೆ ಬರುತ್ತಿದ್ದರೆ ಒಂದು ಲೋಟ ನೀರು ಸುರಿದರೆ ಸಾಕು. ವಾಟರ್ ಹೀಟರಿನ ಬ್ರೇಕರ್ ಹಾಕುವುದು ಎಲ್ಲಕ್ಕಿಂತ ಕೊನೆಗೆ, ಬಿಸಿನೀರಿನ ನಲ್ಲಿಯಲ್ಲಿ ಧಾರೆ ತುಂಬಿ ಬಂದಿದ್ದನ್ನು ಕಣ್ಣಾರೆ ನೋಡಿದ ಮೇಲೆ.